ಗೋಡೆ ಮುಗಿಯದ ದಿನ

ನಮ್ಮೂರಲ್ಲಿ ಚರ್ಚಿನಿಂದ ಆಸ್ಪತ್ರೆಗೆ ಎಂಟು ನಿಮಿಷದ ದಾರಿ. ಎಡಗಡೆ ಹಂಚಿನ ಕಾರ್ಖಾನೆಯ ಗೋಡೆ, ಬಲಗಡೆ ಕೆರೆ, ನಡುವೆ ಒಂದೇ ರಸ್ತೆ. ಒಲೆಯ ಮೇಲೆ ಹಾಲಿಟ್ಟು ಹೋದರೆ ಉಕ್ಕುವ ಮೊದಲು ಹೋಗಿ ಬರಬಹುದು ಎಂದು ಅಜ್ಜಿ ಹೇಳುತ್ತಿದ್ದಳು. ಅದು ಸುಳ್ಳು, ಆದರೆ ತೀರಾ ಸುಳ್ಳಲ್ಲ. ಕ್ರಿಸ್ಮಸ್ ಆದ ಮೂರನೇ ದಿನ, ಹೆರೋದ ರಾಜ ಕೊಲ್ಲಿಸಿದ ಹಸುಳೆಗಳ ಹಬ್ಬದಂದು, ಗರ್ಭಪಾತ ಬೇಡವೆಂದು ಬ್ಯಾನರು ಹಿಡಿದು ನಾವು ಅದೇ ರಸ್ತೆಯಲ್ಲಿ ಮೆರವಣಿಗೆ ಹೊರಡುತ್ತೇವೆ. ಆ ಒಂದು ದಿನ ಮಾತ್ರ ಆ ಗೋಡೆ ಮುಗಿಯುವುದಿಲ್ಲ.

ಗೋಡೆಯ ಮೇಲೆ ಬಹಳ ಹಿಂದೆ ಯಾರೋ ಬರೆದ ಹಲ್ಲುಪುಡಿಯ ಜಾಹೀರಾತು ಇದೆ. ಹಸಿರು ರವಿಕೆಯ ಹೆಂಗಸೊಬ್ಬಳು ಹಲ್ಲು ತೋರಿಸಿ ನಗುತ್ತಾಳೆ. ಬಣ್ಣ ಹೋಗಿ ಈಗ ಹಲ್ಲು ಮಾತ್ರ ಚೆನ್ನಾಗಿ ಕಾಣುತ್ತದೆ. ಬೇರೆ ದಿನಗಳಲ್ಲಿ ಅವಳು ಒಬ್ಬಳೇ. ಅವಳನ್ನು ದಾಟಿದರೆ ಬೇವಿನ ಮರ, ಮರ ದಾಟಿದರೆ ಆಸ್ಪತ್ರೆಯ ಗೇಟು. ಮೆರವಣಿಗೆಯ ದಿನ ಅವಳನ್ನು ದಾಟಿದರೆ ಮತ್ತೆ ಗೋಡೆ, ಮತ್ತೆ ಅವಳು. ನಾವು ದೂರವನ್ನು ಅಳೆಯುವುದೇ ಹಾಗೆ. ಹೋದ ವರ್ಷ ಮೂವತ್ನಾಲ್ಕು ಹೆಂಗಸರು. ಗೇಟು ಮುಟ್ಟುವಾಗ ದೀಪ ಹಚ್ಚುವ ಹೊತ್ತು. ನಾನು ಹೊಸ ನನ್ಮೆ, ಅಂದರೆ ಮೊದಲ ಪರಮಪ್ರಸಾದ, ಪಡೆದ ವರ್ಷ ಹನ್ನೆರಡೇ ಹೆಂಗಸರು. ಅಂದು ಅರ್ಧ ಊರು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿತ್ತು. ಯಾಕೆ ಒಂದು ವರ್ಷ ಹಾಗೆ, ಇನ್ನೊಂದು ವರ್ಷ ಹೀಗೆ ಎಂದು ಯಾರೂ ಕೇಳುವುದಿಲ್ಲ. ಕೇಳುವ ಬದಲು ಚಿತ್ರಾನ್ನ ಕಟ್ಟಿಕೊಳ್ಳುತ್ತಾರೆ. ಮಜ್ಜಿಗೆಯ ಕ್ಯಾನು, ಒಂದು ಜೊತೆ ಹೆಚ್ಚಿನ ಚಪ್ಪಲಿ, ನೋವಿನ ಮುಲಾಮು, ಮುದುಕರಿಗೆ ಮಡಚುವ ಸ್ಟೂಲು. ಒಂದು ವರ್ಷ ಮೈಕಿನ ಚೌರಪ್ಪ ಜಾಣತನ ಮಾಡಿ ಜೀಪು ತಂದಿದ್ದ. ಹನ್ನೊಂದನೇ ಹೆಂಗಸಿನ ಹತ್ತಿರ ಪೆಟ್ರೋಲು ಮುಗಿಯಿತು. ಉಳಿದ ಹದಿನೈದು ಹೆಂಗಸರನ್ನು ಜೀಪು ತಳ್ಳಿಕೊಂಡೇ ದಾಟಬೇಕಾಯಿತು.

ನಡುವೆ ಬೇಸತ್ತು ತಿರುಗಿದರೂ ಉಪಯೋಗವಿಲ್ಲ. ಹಿಂದಕ್ಕೂ ಅಷ್ಟೇ ಗೋಡೆ. ಬೆಳಿಗ್ಗೆ ಏಳಕ್ಕೆ ಮೊದಲ ಗಂಟೆ ಹೊಡೆದ ಮೇಲೆ ಆ ರಸ್ತೆಗೆ ಕಾಲಿಟ್ಟವರು ಯಾರೇ ಆಗಲಿ, ನಮ್ಮವರಾಗಲಿ ಬೇರೆಯವರಾಗಲಿ, ಎಲ್ಲರಿಗೂ ಒಂದೇ ಲೆಕ್ಕ. ಗೇಟಿನ ಮುಂದೆ ನಿಂತು ಹತ್ತು ಸಾರಿ ನಮೋ ಮರಿಯ ಜಪ ಹೇಳಿದ ಮೇಲೆಯೇ ರಸ್ತೆ ತನ್ನ ಅಳತೆಗೆ ಬರುತ್ತದೆ. ಆಗ ವಾಪಸ್ಸು ಎಂಟೇ ನಿಮಿಷ. ಹಾಗಾಗಿ ಊರಿನ ಉಳಿದ ಜನ ಆ ದಿನ ಕಾಯಿಲೆ ಬೀಳದಂತೆ ನೋಡಿಕೊಳ್ಳುತ್ತಾರೆ. ದಿನ ತುಂಬಿದ ಬಸುರಿಯರು ಹಿಂದಿನ ಸಂಜೆಯೇ ಹೋಗಿ ಆಸ್ಪತ್ರೆಯ ಜಗಲಿಯಲ್ಲಿ ಚಾಪೆ ಹಾಸುತ್ತಾರೆ. ನಮ್ಮ ಮನೆಗಳಲ್ಲಿ ಮೆರವಣಿಗೆಗೆ ಬಾರದವರು ಊಟವಾದ ಮೇಲೆ ಹಂಡೆಗೆ ನೀರು ತುಂಬಿ, ಕಲ್ಲುಪ್ಪು ಹಾಕಿ, ಒಲೆ ಹಚ್ಚುತ್ತಾರೆ. ನಡೆದು ಬಂದವರ ಕಾಲಿಗೆ. ನನ್ನ ಅಮ್ಮನ ಮೊಣಕಾಲು ಸೋತು ನಾಲ್ಕು ವರ್ಷವಾಯಿತು. ಅಂದಿನಿಂದ ನೀರು ಕಾಯಿಸುವುದು ಅವಳ ಪಾಲು.

ಈ ವರ್ಷ ಮೆರವಣಿಗೆಯ ಹಿಂದಿನ ಸಂಜೆ ಜಸಿಂತಾ ಅತ್ತಿಗೆ ನನ್ನನ್ನು ಹಿತ್ತಿಲಿಗೆ ಕರೆದಳು. ಅತ್ತಿಗೆ ನನ್ನ ಅಣ್ಣ ಸಿಲ್ವೆಸ್ಟರನ ಹೆಂಡತಿ. ಮದುವೆಯಾಗಿ ಐದು ವರ್ಷ. ಐದು ವರ್ಷದಲ್ಲಿ ಅವಳು ಹೊರದ ಹರಕೆ ಇಲ್ಲ, ಹಚ್ಚದ ಮೇಣದ ಬತ್ತಿ ಇಲ್ಲ. ಎರಡು ತಿಂಗಳ ಹಿಂದೆ ಮುಟ್ಟು ನಿಂತಾಗ ಅಮ್ಮ ಊರಿಗೆಲ್ಲ ಹೇಳಿ ಮುಗಿಸಿದ್ದಳು. ಅಣ್ಣ ಬಸ್ ಓಡಿಸುತ್ತಾನೆ. ಅಂದು ದೂರದ ರೂಟಿನಲ್ಲಿದ್ದ, ಮರುದಿನ ಸಂಜೆ ಬರುವವನು.

ಅತ್ತಿಗೆ ರವಿಕೆಯೊಳಗಿಂದ ನಾಲ್ಕು ಮಡಿಕೆಯ ಚೀಟಿ ತೆಗೆದಳು. ಬೆವರಿಗೆ ಒದ್ದೆಯಾಗಿತ್ತು.

"ಇವತ್ತು ಹೊಟ್ಟೆ ನೋವು ಅಂತ ಆಸ್ಪತ್ರೆಗೆ ಹೋಗಿದ್ದೆ. ಸ್ಕ್ಯಾನ್ ಮಾಡಿದ್ರು. ಕೂಸು ಗರ್ಭದಲ್ಲಿ ಕೂತಿಲ್ವಂತೆ ಕ್ಲಾರಾ. ಗರ್ಭಕ್ಕೆ ಬರೋ ದಾರೀಲೇ, ಆ ನಾಳದಲ್ಲೇ ಕೂತುಬಿಟ್ಟಿದೆಯಂತೆ."

"ಅಂದ್ರೆ?"

"ಅಲ್ಲಿ ಬೆಳೆಯೋಕೆ ಜಾಗ ಇಲ್ಲ. ತೆಗೀಲೇಬೇಕಂತೆ. ಇಲ್ದಿದ್ರೆ ನಾಳ ಒಡೆಯುತ್ತೆ, ನಾನೂ ಉಳಿಯಲ್ಲ ಅಂದ್ರು ಡಾಕ್ಟ್ರಮ್ಮ. ಈಗ್ಲೇ ಸೇರ್ಕೋ ಅಂದ್ರು. ಬಟ್ಟೆ ತರ್ತೀನಿ ಅಂತ ಹೇಳಿ ಬಂದ್ಬಿಟ್ಟೆ."

"ಅಮ್ಮನಿಗೆ ಹೇಳಿದ್ರಾ?"

"ಹೇಗೆ ಹೇಳ್ಲಿ? ಬೆಳಿಗ್ಗೆ ತೊಟ್ಟಿಲಿನ ಹಗ್ಗ ಒಗೆದು ಹಾಕಿದ್ದಾರೆ ನಿಮ್ಮಮ್ಮ."

ಹಗ್ಗ ಅಲ್ಲೇ ತಂತಿಯ ಮೇಲೆ ಒಣಗುತ್ತಿತ್ತು. ನಾವಿಬ್ಬರೂ ಅದನ್ನು ನೋಡಲಿಲ್ಲ.

"ಫಾದರ್‌ನ ಒಂದು ಮಾತು ಕೇಳಿದ್ರೆ?"

"ಕೇಳಿ, ಅವರು ಬೇಡ ಅಂದ್ಬಿಟ್ರೆ?" ಅತ್ತಿಗೆ ಚೀಟಿಯನ್ನು ಮತ್ತೆ ಮಡಚಿದಳು. "ಈಗ ಇನ್ನೂ ಯಾರೂ ಬೇಡ ಅಂದಿಲ್ಲ. ನಾಳೆ ನಿಮ್ ಜೊತೆ ನಡೀತೀನಿ. ಗೇಟ್ ಹತ್ರ ಜಪ ಮುಗಿಸಿ ನೀವೆಲ್ಲ ವಾಪಸ್ ಬರ್ತೀರಲ್ಲ, ಆಗ ನಾನು ಒಳಗೆ ಹೋಗ್ತೀನಿ. ಒಂದು ಸಾರಿನಾದ್ರೂ ಇದು ನಮ್ ಜೊತೆ ಮೆರವಣಿಗೇಲಿ ನಡೀಲಿ. ಅಷ್ಟೇ ನಂಗೆ. ಆದ್ರೆ ದಾರಿ ಉದ್ದ ಆದ್ರೆ ಏನ್ಮಾಡೋದು ಅಂತ."

ಆಗ ನಾನು ಹೇಳಬೇಕಾದ ಮಾತು ಒಂದೇ ಇತ್ತು. ಈಗಲೇ ಏಳಿ, ಇನ್ನೂ ಬೆಳಕಿದೆ, ಎಂಟು ನಿಮಿಷ. ಅದನ್ನು ಹೇಳದೆ ನಾನು ಅಜ್ಜಿಯ ಕಥೆ ಹೇಳಿದೆ.

ಅಜ್ಜಿ ಸಾಯುವವರೆಗೂ ನಾನು ಅವಳ ಮಗ್ಗುಲಲ್ಲೇ ಮಲಗಿದವಳು. ಅವಳ ಕಥೆಗಳಲ್ಲಿ ಸಂತರು ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದರು, ದೇವದೂತರಿಗೆ ನೆಗಡಿಯಾಗುತ್ತಿತ್ತು. ಮಾತೆ ಮರಿಯಮ್ಮ ಬಸುರಿಯಾಗಿ ತನ್ನ ಅಕ್ಕ ಎಲಿಜಬೇತಮ್ಮನನ್ನು ನೋಡಲು ಬೆಟ್ಟದ ಸೀಮೆಗೆ ಹೊರಟಳಲ್ಲ, ಆಗ ದಾರಿಗೆ ಮರುಕ ಹುಟ್ಟಿತಂತೆ. ಎಳೆ ಬಸುರಿ, ಎಷ್ಟು ದಿನ ನಡೆದಾಳು ಎಂದು. ಒಗೆದ ಸೀರೆಯನ್ನು ಇಬ್ಬರು ಹೆಂಗಸರು ಆ ತುದಿ ಈ ತುದಿ ಹಿಡಿದು ಮಡಚುತ್ತಾರೆ ನೋಡು, ಹಾಗೆ ದಾರಿ ತನ್ನನ್ನು ತಾನೇ ಮಡಚಿಕೊಂಡಿತಂತೆ. ಮರಿಯಮ್ಮ ಈ ಮಡಿಕೆಯಿಂದ ಆ ಮಡಿಕೆಗೆ ಕಾಲಿಟ್ಟು ಹೊತ್ತು ಮುಳುಗುವುದರೊಳಗೆ ಅಕ್ಕನ ಹೊಸಿಲು ದಾಟಿದಳಂತೆ. ಅಂದಿನಿಂದ ಬಸುರಿ ಹೆಂಗಸು ಮುಂದೆ ನಡೆದರೆ ದಾರಿ ಮಡಚಿಕೊಳ್ಳಲೇಬೇಕು ಎಂಬುದು ಅಜ್ಜಿಯ ಕಾನೂನು.

"ನಮ್ ಮೆರವಣಿಗೇಲಿ ಇಷ್ಟು ವರ್ಷ ಬಸುರಿಯರು ಯಾರೂ ನಡೆದಿಲ್ಲ ಅತ್ತಿಗೆ. ಅವರೆಲ್ಲ ಜಗಲೀಲಿ ಮಲಗಿರ್ತಾರೆ. ನೀವು ನಡೆದ್ರೆ ನೋಡಿ" ಎಂದೆ.

ಅತ್ತಿಗೆಯ ಮುಖ ಸಡಿಲವಾಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅವಳನ್ನು ನಾನೇ ಗುಣಪಡಿಸಿದೆ ಎಂಬಂತೆ ಒಳಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ಬಿಳಿ ಬಟ್ಟೆ ಉಟ್ಟ ಅರವತ್ತು ಜನ ಸೇರಿದ್ದರು. ಬ್ಯಾನರು ಟೀಚರಮ್ಮನ ಕೈಯಲ್ಲಿತ್ತು. ಅವರ ಹೆಸರು ಆರೋಗ್ಯಮ್ಮ. ಇಡೀ ಊರಿನ ಹುಡುಗಿಯರಿಗೆ ಹೊಲಿಗೆ ಕಲಿಸಿದವರಾದ್ದರಿಂದ ಎಲ್ಲರಿಗೂ ಟೀಚರಮ್ಮ. ಮೂವತ್ತೊಂದು ವರ್ಷದಿಂದ ಮೆರವಣಿಗೆಯ ಮುಂದೆ ನಡೆಯುವವರು. ಬ್ಯಾನರನ್ನು ನಾಲ್ಕು ಬಿಳಿ ಸೀರೆ ಜೋಡಿಸಿ ಅವರೇ ಹೊಲಿದದ್ದು. 'ಒಡಲ ಕೂಸು ದೇವರ ಕೂಸು' ಎಂಬ ಅಕ್ಷರಗಳನ್ನು ನೀಲಿ ಬಟ್ಟೆಯಲ್ಲಿ ಕತ್ತರಿಸಿ ಕೂರಿಸಿದ್ದರು. ಎರಡು ಕಡೆ ಎರಡು ಬಿದಿರಿನ ಗಳ.

ಅತ್ತಿಗೆಯನ್ನು ಕಂಡ ಕೂಡಲೇ ಟೀಚರಮ್ಮ, "ಬಾ ಇಲ್ಲಿ. ಐದು ವರ್ಷಕ್ಕೆ ಕಣ್ಬಿಟ್ಟಿದ್ದಾನೆ ದೇವರು. ಹಿಂದೆ ಯಾಕೆ ಅವಿತುಕೊಳ್ತೀಯ? ಮುಂದೆ ನಡಿ, ಎಲ್ರೂ ನೋಡ್ಲಿ" ಎಂದು ಗಳದ ಪಕ್ಕಕ್ಕೆ ನಿಲ್ಲಿಸಿಕೊಂಡರು. ಅತ್ತಿಗೆ ನನ್ನ ಕಡೆ ನೋಡಿದಳು. ಮುಂದೆ ನಡೆದರೆ ಒಳ್ಳೆಯದೇ ಎಂದು ನಾನು ತಲೆಯಾಡಿಸಿದೆ. ದಾರಿಗೆ ಬೇಗ ಕಾಣುತ್ತಾಳಲ್ಲ.

ಗಂಟೆ ಹೊಡೆಯಿತು. ಫಾದರ್ ಮರಿಜೋಸೆಫ್ ಜಪಸರ ಎತ್ತಿದರು. ರಸ್ತೆಯ ತಲೆಯಲ್ಲಿ ಸೋಡಾ ಅಂಗಡಿಯ ಮಾದಯ್ಯ ಪ್ರತಿ ವರ್ಷದಂತೆ ಕೇಳಿದ, "ಈ ಸಾರಿ ಎಷ್ಟು ಹೆಂಗಸ್ರು ಸ್ವಾಮಿ?"

"ಹತ್ತಿದ್ರೆ ಸಾಕಪ್ಪ, ನಂಗೂ ವಯಸ್ಸಾಯ್ತು" ಎಂದರು ಫಾದರ್.

ಮೊದಲನೆಯವಳು ಬಂದಳು, ಹೋದಳು. ನಾನು ಬೇವಿನ ಮರವನ್ನು ಹುಡುಕಿದೆ. ಮರವಿರಲಿಲ್ಲ, ಗೋಡೆಯಿತ್ತು. ಎರಡನೆಯವಳೂ ನಕ್ಕಳು. ಸರಿ, ಒಂದೇ ಏಟಿಗೆ ಮಡಚಿಕೊಳ್ಳುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಐದನೆಯವಳವರೆಗೂ ಹೀಗೇ ಏನಾದರೊಂದು ಹೇಳಿಕೊಂಡು ನಡೆದೆ. ಏಳನೆಯವಳ ಹತ್ತಿರ ಅತ್ತಿಗೆ ಗಳ ಬಿಟ್ಟು ಹಿಂದೆ ಬಂದು ನನ್ನ ತೋಳು ಹಿಡಿದಳು. ಅವಳ ಕೈ ತಣ್ಣಗಿತ್ತು.

"ನೋವಾ?"

"ಸ್ವಲ್ಪ. ಬಲಗಡೆ. ನಡಿ ನಡಿ, ನಿಂತ್ರೆ ಎಲ್ರೂ ನೋಡ್ತಾರೆ."

ಈ ಮೆರವಣಿಗೆಯಲ್ಲಿ ಮೊದಲ ಒಂದು ಗಂಟೆ ಭಕ್ತಿ ಇರುತ್ತದೆ. ಆಮೇಲೆ ಇರುವುದು ಕಾಲು. ಹತ್ತನೇ ಹೆಂಗಸನ್ನು ದಾಟುವ ಹೊತ್ತಿಗೆ ಜಪ ಬಾಯಿಂದ ತಾನಾಗಿ ಬರುತ್ತಿತ್ತು. ಮಕ್ಕಳು ಚಪ್ಪಲಿ ಬದಲಾಯಿಸಿದವು. ಸ್ಟೂಲಿನ ಮೇಲೆ ಕೂತ ಇನ್ನಾಸಪ್ಪ ಮೇಸ್ತ್ರಿ, "ನಾನು ಹುಡುಗನಾಗಿದ್ದಾಗ ಈ ಹೆಂಗಸಿಗೆ ಮೂಗುತಿ ಇತ್ತು" ಎಂದು ಪ್ರತಿ ವರ್ಷದ ಮಾತನ್ನು ಹೇಳಿದರು. ಯಾರೂ ನಗಲಿಲ್ಲ, ಯಾರೂ ಬೇಸರಿಸಲಿಲ್ಲ. ಬಿಸಿಲು ಕೆರೆಯ ನೀರಿನಿಂದ ಎದ್ದು ಕಣ್ಣಿಗೆ ಹೊಡೆಯುತ್ತಿತ್ತು. ಮುಂದೆ ಬ್ಯಾನರು ಗಾಳಿಯಿಲ್ಲದೆ ಜೋತು ಬಿದ್ದಿತ್ತು. ನನಗೆ ಅದರ ಅಕ್ಷರಗಳು ಹಿಂದಿನಿಂದ ಉಲ್ಟಾ ಕಾಣುತ್ತಿದ್ದವು.

ಹದಿಮೂರನೆಯವಳ ಹತ್ತಿರ ಅತ್ತಿಗೆ ನಿಂತಳು. ಹದಿನಾಲ್ಕರ ಹತ್ತಿರ ಗೋಡೆಗೆ ಕೈ ಕೊಟ್ಟಳು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಹೇಳ್ಬಿಡ್ತೀನಿ ಅತ್ತಿಗೆ."

"ಹೇಳ್ಬೇಡ. ನನ್ನಾಣೆ. ಬ್ಯಾನರ್ ಮುಂದೆ ನಡೆದು ಬಂದವಳು ತೆಗೆಸ್ಕೊಳ್ಳೋಕೆ ಹೊರಟಿದ್ಲು ಅಂತಾರೆ. ನಿಮ್ಮಮ್ಮ ಚರ್ಚಿಗೆ ಹೋಗೋ ಹಾಗಿರಲ್ಲ. ಇನ್ನೇನು, ಮಡಚ್ಕೊಳ್ಳುತ್ತಲ್ಲ."

ಅವಳು ಇನ್ನೂ ನಂಬಿದ್ದಳು. ಹದಿನಾರನೇ ಹೆಂಗಸಿನ ಹಲ್ಲಿನ ಕೆಳಗೆ ಅತ್ತಿಗೆ ಕುಸಿದು ಕೂತಳು. ಆಮೇಲೆ ಅಲ್ಲೇ ಮಗ್ಗುಲಾದಳು.

ಜಪ ನಿಂತಿತು. ಟೀಚರಮ್ಮ ಬಂದು ನೀರು ಚಿಮುಕಿಸಿ, ಬಸುರಿಗೆ ಬಿಸಿಲು ತಾಗಿದೆ, ದೂರ ಸರೀರಿ, ಗಾಳಿ ಬಿಡಿ ಎಂದರು. ನಾನು ಅತ್ತಿಗೆಯ ಆಣೆ ಮುರಿದೆ. ಅವಳ ರವಿಕೆಯೊಳಗಿಂದ ಚೀಟಿ ತೆಗೆದು ಕೊಟ್ಟೆ, ಅವಳು ಹೇಳಿದ್ದನ್ನೆಲ್ಲ ಹೇಳಿದೆ. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ, ಆದರೆ ಉಳಿದವರಿಗೆಲ್ಲ ಕೇಳಿಸಿತು.

ಟೀಚರಮ್ಮ ಚೀಟಿಯನ್ನು ಓದಲಿಲ್ಲ. ನನ್ನನ್ನೇ ನೋಡಿದರು.

"ನಿನ್ನೆಯಿಂದ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಗೊತ್ತಿದ್ದೂ ಈ ರಸ್ತೇಲಿ ನಡೆಸ್ಕೊಂಡು ಬಂದ್ಯಾ?"

"ಬಸುರಿ ನಡೆದ್ರೆ ದಾರಿ ಮಡಚ್ಕೊಳ್ಳುತ್ತೆ ಅಂತ ಅಜ್ಜಿ ಹೇಳ್ತಿದ್ಲು."

"ನಿಮ್ಮಜ್ಜಿ ಒಳ್ಳೆ ಹೆಂಗಸು" ಎಂದರು ಟೀಚರಮ್ಮ. "ಬಾಯಿ ತೆಗೆದ್ರೆ ಸುಳ್ಳು. ನನ್ ಹತ್ರ ರವಿಕೆ ಹೊಲಿಸ್ಕೊಂಡು ಯೇಸುವೇ ಕನಸಲ್ಲಿ ಬಂದು ದುಡ್ಡು ಬೇಡ ಅಂದ್ರು ಅಂತ ಹೇಳಿದೋಳು."

ಅಷ್ಟರಲ್ಲಿ ಅತ್ತಿಗೆ ಕಣ್ಣು ಬಿಟ್ಟಳು. ಫಾದರ್ ಮಂಡಿಯೂರಿ ಅವಳ ಪಕ್ಕದಲ್ಲಿ ಕೂತಿದ್ದರು. ಅವರ ನಿಲುವಂಗಿಯ ಅಂಚು ಧೂಳಿನಲ್ಲಿತ್ತು.

"ಪಾಪನಾ ಫಾದರ್?"

"ಇಲ್ಲಮ್ಮ." ಫಾದರ್ ತುಂಬಾ ಸುಸ್ತಾದವರಂತೆ ಹೇಳಿದರು. "ನಾವು ನಡೀತಿರೋದು ಇದಕ್ಕಲ್ಲ. ನಿನ್ನ ಜೀವ ಹೋಗೋದನ್ನ ತಡೆಯೋ ಚಿಕಿತ್ಸೆ ಇದು. ಕೂಸು ಉಳಿಯೋ ದಾರಿ ಇದ್ದಿದ್ರೆ ಮಾತು ಬೇರೆ. ಇಲ್ಲಿ ಆ ದಾರೀನೇ ಇಲ್ಲ. ನಿನ್ನೆ ಕೇಳಿದ್ರೆ ನಿನ್ನೇನೇ ಹೇಳ್ತಿದ್ನಲ್ಲಮ್ಮ."

"ನೀವು ಪ್ರಸಂಗದಲ್ಲಿ ಇದನ್ನ ಯಾವತ್ತೂ ಹೇಳಿಲ್ಲ."

"ಯಾರೂ ಕೇಳಿಲ್ಲ" ಎಂದು ಶುರುಮಾಡಿದ ಫಾದರ್ ಅಲ್ಲೇ ನಿಲ್ಲಿಸಿದರು. "ಇಲ್ಲ. ಹೇಳಿಲ್ಲ" ಎಂದರು.

ಇನ್ನಾಸಪ್ಪ ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. "ಅಲ್ಲ ಫಾದರ್, ನೀವು ಹೇಳೋದು ಸರಿ. ಆದ್ರೆ ಬ್ಯಾನರ್ ಹಿಡ್ಕೊಂಡು ನಾವೇ ಒಳಗೆ ಕರ್ಕೊಂಡು ಹೋದ್ರೆ ಊರಿನ ಜನ ಏನಂತಾರೆ? ಮಾದಯ್ಯನೇ ಸಾಕು, ವರ್ಷವೆಲ್ಲ ಆಡ್ಕೊಳ್ತಾನೆ."

ಟೀಚರಮ್ಮ ಬ್ಯಾನರನ್ನು ನೆಲದ ಮೇಲೆ ಹಾಸಿ, ಗಳಗಳು ತೂರಿದ್ದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆದು ನೋಡಿದರು. "ನಾಲ್ಕು ಸೀರೆ, ಜೋಡಿ ಹೊಲಿಗೆ" ಎಂದರು ತಮಗೇ ಎಂಬಂತೆ. "ತಡೆಯುತ್ತೆ. ಮೇಸ್ತ್ರಿ, ಆ ಕಡೆ ಗಳ ಹಿಡೀರಿ."

ಬಟ್ಟೆಯನ್ನು ಎರಡು ಪದರ ಮಾಡಿ ಅತ್ತಿಗೆಯನ್ನು ಮಲಗಿಸಿದರು. ಗಳ ಹೆಗಲಿಗೇರಿತು. ಮುಂದೆ ಟೀಚರಮ್ಮ ಮತ್ತು ಮೇಸ್ತ್ರಿ, ಹಿಂದೆ ಚೌರಪ್ಪ ಮತ್ತು ಫಾದರ್. ಚೌರಪ್ಪನ ಮೈಕು ಹದಿನಾರನೇ ಹೆಂಗಸಿನ ಕಾಲ ಬಳಿ ಉಳಿಯಿತು. ಸ್ಟೂಲುಗಳು, ಮಜ್ಜಿಗೆಯ ಕ್ಯಾನು, ಅರ್ಧಕ್ಕರ್ಧ ಫಲಕಗಳು ಎಲ್ಲವೂ ಅಲ್ಲೇ ಉಳಿದವು. ಚಿತ್ರಾನ್ನದ ಡಬ್ಬಿ ಮಾತ್ರ ಯಾರೂ ಬಿಡಲಿಲ್ಲ.

ಅಂದು ಆ ರಸ್ತೆಯಲ್ಲಿ ಮೊದಲ ಬಾರಿಗೆ ಬರೀ ಉಸಿರಾಟದ ಸದ್ದು ಕೇಳಿದೆ. ಜಪ ಎತ್ತಲು ಯಾರಿಗೂ ಬಾಯಿರಲಿಲ್ಲ. ನೂರು ಹೆಜ್ಜೆಗೊಮ್ಮೆ ಹೆಗಲು ಬದಲಾಗುತ್ತಿತ್ತು. ಒಬ್ಬರು ಬಾಗಿದರೆ ಇನ್ನೊಬ್ಬರು ಕೇಳದೆ ಬಂದು ಗಳದ ಕೆಳಗೆ ತಲೆ ಕೊಡುತ್ತಿದ್ದರು. ಟೀಚರಮ್ಮ ಮಾತ್ರ ಬದಲಾಗಲಿಲ್ಲ. ಹೆಗಲಿನ ಮೇಲೆ ರವಿಕೆ ಹರಿದು ಅಲ್ಲಿ ಚರ್ಮ ಕೆಂಪಾಗಿತ್ತು. ಹದಿನೇಳನೆಯವಳು ಬಂದಳು. ಅವಳ ನಗುವನ್ನು ನಾನು ಅಷ್ಟು ದ್ವೇಷಿಸಿದ್ದು ಅಂದೇ. ಬಟ್ಟೆಯ ಕೆಳಭಾಗದಲ್ಲಿ, ನೀಲಿ ಅಕ್ಷರಗಳ ನಡುವೆ, ಒಂದು ಕಪ್ಪು ಒದ್ದೆ ಮೂಡಿ ನಿಧಾನವಾಗಿ ಅಗಲವಾಗುತ್ತಿತ್ತು.

"ಕ್ಲಾರಾ" ಎಂದಳು ಅತ್ತಿಗೆ ಒಳಗಿನಿಂದ.

"ಇಲ್ಲೇ ಇದೀನಿ ಅತ್ತಿಗೆ."

"ಮಡಚ್ಕೊಳ್ತಾ ಇದೆಯಾ?"

ಹದಿನೆಂಟನೆಯವಳು ಎದುರಿಗಿದ್ದಳು. ಅವಳಾಚೆ ಗೋಡೆ, ನನ್ನ ಕಣ್ಣು ಹೋಗುವಷ್ಟು ದೂರ.

"ಹ್ಞೂಂ, ಮಡಚ್ಕೊಳ್ತಾ ಇದೆ" ಎಂದೆ. "ಒಂದೊಂದೇ ಮಡಿಕೆ."

ಟೀಚರಮ್ಮ ತಿರುಗಿ ನನ್ನನ್ನು ನೋಡಿದರು. ಬೈಯುತ್ತಾರೆಂದುಕೊಂಡೆ. ಅವರು ಮುಂದಕ್ಕೆ ತಿರುಗಿ, "ಹೌದು ಕಣೇ ಜಸಿಂತಾ. ಬೇಗ ಬೇಗ ಮಡಚ್ಕೊಳ್ತಿದೆ. ಕಣ್ಮುಚ್ಚಬೇಡ ನೀನು" ಎಂದರು. ಮೂವತ್ತೊಂದು ವರ್ಷದಲ್ಲಿ ಅವರು ಸುಳ್ಳು ಹೇಳಿದ್ದನ್ನು ಯಾರೂ ಕೇಳಿದ್ದಿಲ್ಲ.

ನಾನು ತಲೆ ತಗ್ಗಿಸಿಕೊಂಡು ನಡೆದೆ. ಹತ್ತೊಂಬತ್ತನೆಯವಳನ್ನು ನೋಡುವ ಶಕ್ತಿ ಇರಲಿಲ್ಲ. ನನ್ನ ಹೆಜ್ಜೆಗಳ ಲೆಕ್ಕದಲ್ಲಿ ಅವಳು ಈಗ ಬರಬೇಕು. ಈಗ. ಕಾಲ ಕೆಳಗೆ ಏನೋ ಜಾರಿತು. ನೋಡಿದರೆ ಬೇವಿನ ಎಲೆ. ತಲೆಯೆತ್ತಿದೆ. ಗೋಡೆ ಮುಗಿದಿತ್ತು.

ಗೇಟಿನ ಮುಂದೆ ಎಲ್ಲರ ಕಾಲೂ ತಾವಾಗಿ ನಿಂತವು. ಎಷ್ಟೋ ವರ್ಷಗಳ ರೂಢಿ ಅದು. ನಾವು ಗೇಟಿನವರೆಗೆ ನಡೆಯುವವರು. ಅದರಾಚೆ ಆ ದಿನ ನಮ್ಮಲ್ಲಿ ಯಾರೂ ಕಾಲಿಟ್ಟಿರಲಿಲ್ಲ. ಯಾರೋ ಹಿಂದಿನಿಂದ ನಮೋ ಮರಿಯ ಎಂದು ಶುರುಮಾಡಿಯೂ ಬಿಟ್ಟರು.

"ನಿಲ್ಬೇಡಿ" ಎಂದರು ಟೀಚರಮ್ಮ. "ಒಳಗೆ."

ಜಗಲಿಯ ಮೇಲಿದ್ದ ನರ್ಸು ಮೊದಲು ನಮ್ಮ ಬಿಳಿ ಬಟ್ಟೆ ನೋಡಿ ಮುಖ ಗಂಟು ಹಾಕಿಕೊಂಡಳು, ಆಮೇಲೆ ಬ್ಯಾನರಿನ ಕೆಳಗಿನ ಒದ್ದೆ ನೋಡಿ ಓಡಿ ಬಂದಳು. "ಬಟ್ಟೆ ತರ್ತೀನಿ ಅಂತ ಹೋದೋಳು ಇವಳೇ ಅಲ್ವಾ? ಒಂದು ರಾತ್ರಿ ಬೇಕಿತ್ತಾ ಬಟ್ಟೆ ತರೋಕೆ?" ಎಂದು ಬೈಯುತ್ತಲೇ ಅತ್ತಿಗೆಯನ್ನು ಸ್ಟ್ರೆಚರಿಗೆ ಹಾಕಿಸಿ ಒಳಗೆ ತಳ್ಳಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಒಂದು ಕಾಗದ ಹಿಡಿದು ಬಂದು, ಗಂಡ ಎಲ್ಲಿ, ಸಹಿ ಯಾರು ಹಾಕುತ್ತಾರೆ ಎಂದಳು. ಅಣ್ಣನ ಬಸ್ಸು ಎಲ್ಲೋ ಇತ್ತು. ಟೀಚರಮ್ಮ ಕಾಗದ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಗೆ ಪೂರ್ತಿ ಓದಿದರು. ಗರ್ಭ ತೆಗೆಯುವ ಮಾತು ಇದ್ದ ಸಾಲಿನ ಮೇಲೆ ಅವರ ಬೆರಳು ನಿಂತಿತು. ಆಮೇಲೆ ಕೆಳಗೆ ಇಳಿಯಿತು. ಆರೋಗ್ಯಮ್ಮ ಎಂದು ದುಂಡಗೆ ಬರೆದರು. ರೋಗಿಗೆ ಏನಾಗಬೇಕು ಎಂಬಲ್ಲಿ 'ಅತ್ತೆ' ಎಂದು ಬರೆದರು.

ನಾವು ಜಗಲಿಯಲ್ಲಿ ಕೂತೆವು. ಹಿಂದಿನ ಸಂಜೆಯಿಂದ ಅಲ್ಲಿದ್ದ ಬಸುರಿಯರು ಕಾಲು ಮಡಚಿ ಜಾಗ ಮಾಡಿಕೊಟ್ಟರು. ಕಂಬದ ಪಕ್ಕ ಒಬ್ಬಳೇ ಕೂತಿದ್ದ ಹುಡುಗಿಯೊಬ್ಬಳು, ನನ್ನ ವಯಸ್ಸಿನವಳೇ, ನಮ್ಮವರ ಕೈಯಲ್ಲಿ ಉಳಿದಿದ್ದ ಫಲಕಗಳನ್ನು ಕಂಡು ಚೀಲ ಎತ್ತಿಕೊಂಡು ಜಗಲಿಯ ಆ ತುದಿಗೆ ಸರಿದಳು. ಟೀಚರಮ್ಮ ಎದ್ದು ಫಲಕಗಳನ್ನು ಒಂದೊಂದಾಗಿ ಗೋಡೆಗೆ ಮುಖ ಮಾಡಿ ಇಟ್ಟರು. ಆ ಹುಡುಗಿಯ ಹತ್ತಿರ ಹೋಗಿ ಡಬ್ಬಿ ತೆರೆದು ಹಿಡಿದರು. ಅವಳು ಬೇಡವೆಂದು ತಲೆಯಾಡಿಸಿದಳು. ಟೀಚರಮ್ಮ ಡಬ್ಬಿಯನ್ನು ಅಲ್ಲೇ ಅವಳ ಪಕ್ಕ ಇಟ್ಟು ಬಂದರು. ಬಹಳ ಹೊತ್ತಿನ ಮೇಲೆ ನೋಡಿದೆ. ಆ ಹುಡುಗಿ ಗೋಡೆಯ ಕಡೆ ತಿರುಗಿಕೊಂಡು ತಿನ್ನುತ್ತಿದ್ದಳು.

ಒಂದು ಗಂಟೆ ಕಳೆದ ಮೇಲೆ ಡಾಕ್ಟ್ರಮ್ಮ ಬಾಗಿಲಿಗೆ ಬಂದರು. "ನಾಳ ಒಡೆದಿತ್ತು. ಹೊಟ್ಟೆ ತುಂಬ ರಕ್ತ. ಇನ್ನೊಂದು ಅರ್ಧ ಗಂಟೆ ತಡವಾಗಿದ್ರೆ ನನ್ನ ಕೈಲಿರ್ತಿರಲಿಲ್ಲ. ಈಗ ಪರವಾಗಿಲ್ಲ. ಉಳೀತಾಳೆ" ಎಂದರು.

"ಕೂಸು?" ಎಂದರು ಟೀಚರಮ್ಮ. ಉತ್ತರ ಗೊತ್ತಿದ್ದೂ ಕೇಳಿದರು. ಯಾರಾದರೂ ಒಬ್ಬರು ಕೇಳಲೇಬೇಕು ಎಂಬಂತೆ.

ಡಾಕ್ಟ್ರಮ್ಮ ತಲೆಯಾಡಿಸಿದರು.

ಹತ್ತು ನಮೋ ಮರಿಯವನ್ನು ಅಂದು ನಾವು ಗೇಟಿನ ಮುಂದೆ ಹೇಳಲಿಲ್ಲ. ಜಗಲಿಯಲ್ಲಿ ಕೂತಲ್ಲೇ ಹೇಳಿದೆವು, ಮೆಲ್ಲಗೆ, ಒಳಗೆ ಮಲಗಿದವರಿಗೆ ತೊಂದರೆಯಾಗದಂತೆ. ಮೇಸ್ತ್ರಿ ಅಳುತ್ತಿದ್ದರು. ಬ್ಯಾನರನ್ನು ಯಾರೋ ಹಿಂದಿನ ತೊಟ್ಟಿಯಲ್ಲಿ ನೆನೆಹಾಕಿದ್ದರು.

ಅತ್ತಿಗೆಯ ಬಟ್ಟೆ ತರಲು, ಅಮ್ಮನಿಗೆ ಹೇಳಲು ನಾನೇ ಹೋಗಬೇಕಿತ್ತು. ಟೀಚರಮ್ಮ ಬರುತ್ತೇನೆಂದು ಏಳಹೋಗಿ, ಕಾಲು ಹಿಡಿದುಕೊಂಡು ಮತ್ತೆ ಕೂತರು. "ಹೋಗು. ನಿಧಾನಕ್ಕೆ ಹೇಳು. ಕಥೆ ಕಟ್ಬೇಡ" ಎಂದರು.

ಗೇಟು ದಾಟಿದೆ. ಬೇವಿನ ಮರ, ಆಮೇಲೆ ಗೋಡೆ. ಅಮ್ಮನಿಗೆ ಮೊದಲು ಏನು ಹೇಳುವುದೆಂದು ಯೋಚಿಸುತ್ತ ನಡೆದೆ. ಅತ್ತಿಗೆ ಉಳಿದಳು ಎಂಬುದನ್ನು ಮೊದಲು ಹೇಳಬೇಕೇ, ಅಥವಾ ನಿನ್ನೆ ಸಂಜೆ ನಾನು ಹೇಳದೆ ಉಳಿಸಿಕೊಂಡದ್ದನ್ನು ಮೊದಲು ಹೇಳಬೇಕೇ. ಹಲ್ಲುಪುಡಿಯ ಹೆಂಗಸು ಬಂದಳು. ಅವಳ ಮುಂದೆ ನಿಂತೆ. ಇನ್ನೊಂದು ಹತ್ತು ಸಾರಿ ಬಾ ಎಂದು ಅವಳನ್ನು ಕೇಳಿಕೊಂಡೆ, ಐದು ಸಾರಿಯಾದರೂ. ಮೈಕು, ಸ್ಟೂಲು, ಮಜ್ಜಿಗೆಯ ಕ್ಯಾನು ಎಲ್ಲವೂ ಅವಳ ಕಾಲ ಬಳಿಯೇ ಬಿದ್ದಿದ್ದವು. ಅವಳು ಒಬ್ಬಳೇ ಇದ್ದಳು. ಅವಳಾಚೆ ಮಾದಯ್ಯನ ಸೋಡಾ ಅಂಗಡಿ ಕಾಣುತ್ತಿತ್ತು. ಮಾದಯ್ಯ ನನ್ನ ಸೀರೆಯ ಮೇಲಿನ ಕಲೆ ನೋಡಿ ಎದ್ದು ನಿಂತ. ಎಂಟು ನಿಮಿಷವೂ ಆಗಲಿಲ್ಲ.

ಅಮ್ಮ ಹಿತ್ತಿಲಲ್ಲಿ ಹಂಡೆಯ ಒಲೆಯ ಮುಂದೆ ಕೂತು ಊದುಗೊಳವೆಯಿಂದ ಊದುತ್ತಿದ್ದಳು. ಎರಡು ಮಣೆ, ಎರಡು ಬೇಸಿನ್ ಅಕ್ಕಪಕ್ಕ ಇಟ್ಟಿದ್ದಳು. ತಂತಿಯ ಮೇಲಿದ್ದ ತೊಟ್ಟಿಲಿನ ಹಗ್ಗ ಒಣಗಿ ಸುರುಳಿಯಾಗಿ ಅವಳ ಪಕ್ಕದ ಕಲ್ಲಿನ ಮೇಲಿತ್ತು.

"ಅಯ್ಯೋ, ಇಷ್ಟು ಬೇಗ ಬಂದ್ಬಿಟ್ರಾ? ಎಷ್ಟು ಹೆಂಗಸ್ರು ಈ ಸಾರಿ?"

"ಹದಿನೆಂಟು."

"ಅಷ್ಟೇನಾ? ಒಳ್ಳೇದಾಯ್ತು ಬಿಡು. ಬಸುರಿ ಬೇರೆ ಜೊತೇಲಿ, ಎಷ್ಟು ದೂರ ಆಗುತ್ತೋ ಅಂತ ಬೆಳಿಗ್ಗೆಯಿಂದ ಜಪ ಮಾಡ್ತಾನೇ ಇದ್ದೆ. ನೀರಿನ್ನೂ ಕಾದಿಲ್ಲ ಕಣೇ. ಜಸಿಂತಾನ್ನ ಕೂರ್ಸು, ಮೊದ್ಲು ಅವಳ ಕಾಲಿಗೆ ಹಾಕ್ತೀನಿ."

ನಾನು ಮಣೆಯ ಮೇಲೆ ಕೂತು, ಹಂಡೆಯಿಂದ ಒಂದು ಚೊಂಬು ನೀರು ತೆಗೆದು ಬೇಸಿನ್ನಿಗೆ ಸುರಿದುಕೊಂಡು, ಪಾದ ಇಟ್ಟೆ. ತಣ್ಣಗಿತ್ತು. ಉಪ್ಪು ಇನ್ನೂ ಕರಗಿರಲಿಲ್ಲ, ಬೆರಳ ಸಂದಿಗೆ ಚುಚ್ಚುತ್ತಿತ್ತು.

"ಇರ್ಲಿ ಅಮ್ಮ, ಇದೇ ಸಾಕು. ನೀನು ಇಲ್ಲಿ ಬಂದು ಕೂತ್ಕೋ."

ಅಮ್ಮ ಊದುಗೊಳವೆ ಕೆಳಗಿಟ್ಟು, ನನ್ನ ಹಿಂದೆ ಬಾಗಿಲ ಕಡೆ ನೋಡಿದಳು.